ಬಾಡಿಗೆ ಮನೆಯ ಬಚ್ಚಲು: ಗೋಡೆ ಒಡೆಯದೆ ಕುರ್ಚಿಗೆ ದಾರಿ ಮಾಡುವುದು ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಸಿದ್ದಾಪುರ ಕಡೆಯವರು. ನಮ್ಮ ಮನೆಯವರು ಮರ ಹತ್ತಿ ಅಡಿಕೆ ಕೊನೆ ಕೊಯ್ಯುವ ಕೊನೆಗೌಡರಾಗಿದ್ದರು. ಎರಡು ವರ್ಷದ ಹಿಂದೆ ಕೊಳೆರೋಗಕ್ಕೆ ಮದ್ದು ಹೊಡೆಯಲು ಅಡಿಕೆ ಮರ ಹತ್ತಿದ್ದಾಗ ಜಾರಿ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಸ್ವಾಧೀನವೂ ಇಲ್ಲ, ಮುಟ್ಟಿದರೆ ತಿಳಿಯುವುದೂ ಇಲ್ಲ. ಕೈಗಳಲ್ಲಿ ಒಳ್ಳೆಯ ಬಲವಿದೆ. ನನಗೆ ಕಾರವಾರದ ಬಟ್ಟೆ ಅಂಗಡಿಯಲ್ಲಿ ಕೆಲಸ ಸಿಕ್ಕಿದ್ದರಿಂದ ಕೋಡಿಬಾಗದಲ್ಲಿ ಹಳೆಯ ಹೆಂಚಿನ ಮನೆಯೊಂದನ್ನು ಬಾಡಿಗೆಗೆ ಹಿಡಿದಿದ್ದೇವೆ. ಹನ್ನೊಂದು ತಿಂಗಳ ಕರಾರು. ಚಿರೆಕಲ್ಲಿನ ಗೋಡೆ. ಅಡುಗೆಮನೆಯ ಹಿಂಬಾಗಿಲು ದಾಟಿದರೆ ಹಿಂದಿನ ಜಗಲಿ, ಅದರ ತುದಿಯಲ್ಲಿ ಬಚ್ಚಲು ಮತ್ತು ಪಾಯಖಾನೆ ಒಂದೇ ಕೋಣೆಯಲ್ಲಿವೆ. ಅದರ ನೆಲ ಜಗಲಿಗಿಂತ ಎಂಟು ಇಂಚು ತಗ್ಗಿದೆ, ಬಾಗಿಲು ಇಪ್ಪತ್ತಾರು ಇಂಚು. ಗಾಲಿಕುರ್ಚಿ ಹೋಗುವುದಿಲ್ಲ. ನಾನೂ ಹತ್ತನೆಯ ತರಗತಿಯ ಮಗನೂ ದಿನಾ ಎತ್ತಿಕೊಂಡು ಹೋಗುತ್ತೇವೆ. ನನಗೆ ಸೊಂಟನೋವು ಶುರುವಾಗಿದೆ. ನಮಗೆ ಕಷ್ಟವಾಗಬಾರದೆಂದು ಅವರು ಸಂಜೆ ನಾಲ್ಕರ ಮೇಲೆ ನೀರು ಕುಡಿಯುವುದನ್ನೇ ಬಿಟ್ಟಿದ್ದಾರೆ. ಮನೆಯ ಮಾಲಕರು ವಯಸ್ಸಾದ ಅಮ್ಮ, ಒಳ್ಳೆಯವರು. ಆದರೆ ‘ಗೋಡೆಗೆ ಮೊಳೆ ಸಹ ಹೊಡೆಯಬೇಡಿ’ ಎಂದಿದ್ದಾರೆ. ನನ್ನ ಭಾವ, ಕಾನೂನು ಇದೆ, ಮಾಲಕರೇ ಕಟ್ಟಿಸಿಕೊಡಬೇಕು ಎನ್ನುತ್ತಾರೆ. ಗೋಡೆಗೆ ಒತ್ತಿದರೆ ಕಚ್ಚಿಕೊಳ್ಳುವ, ಗಾಳಿ ಹಿಡಿಯುವ (ಸಕ್ಷನ್) ಹಿಡಿಕೆಗಳನ್ನು ಅಂಟಿಸಿದರೆ ಸಾಕು ಎಂದು ಒಬ್ಬರು ಹೇಳಿದರು. ಮಲಗುವ ಕೋಣೆಯಲ್ಲಿಯೇ ಎಲ್ಲ ಮುಗಿಸಿಕೊಳ್ಳಿ ಎಂದು ಇನ್ನೊಬ್ಬರು. ಮಳೆಗಾಲ ಹತ್ತಿರ ಬಂತು. ಏನು ಮಾಡಲಿ?

ಉತ್ತರ: ಬಾಗಿಲಿನ ಅಳತೆ, ನೆಲದ ತಗ್ಗು, ಮಾಲಕರ ಮಾತು ಎಲ್ಲವನ್ನೂ ನೀವು ವಿವರವಾಗಿ ಬರೆದಿದ್ದೀರಿ. ಆದರೆ ನನ್ನ ಕಣ್ಣು ನಿಂತದ್ದು ನೀವು ನಡುವೆ ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋದ ಮಾತಿನ ಮೇಲೆ. ಸಂಜೆ ನಾಲ್ಕರ ನಂತರ ಅವರು ನೀರು ಕುಡಿಯುವುದಿಲ್ಲ. ದಿನದ ಕೆಲಸಗಳನ್ನು ಸ್ವತಃ ಮಾಡಿಕೊಳ್ಳಲು ನೆರವಾಗುವ ಆಕ್ಯುಪೇಷನಲ್ ಥೆರಪಿಸ್ಟ್ ಆಗಿ ಕರಾವಳಿಯಲ್ಲೂ ಘಟ್ಟದ ಮೇಲೂ ಮನೆಮನೆ ಸುತ್ತುವಾಗ ಈ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಹೇಳುವವರು ಯಾವಾಗಲೂ ಮನೆಯ ಹೆಂಗಸರು. ಕುಡಿಯದೆ ಇರುವವರು ಸುಮ್ಮನಿರುತ್ತಾರೆ.

ಹೀಗೆ ಬೆನ್ನುಹುರಿಗೆ ಪೆಟ್ಟಾದವರ ಮೂತ್ರಕೋಶ ಸಾಮಾನ್ಯವಾಗಿ ತಾನಾಗಿ ಪೂರ್ತಿ ಖಾಲಿಯಾಗುವುದಿಲ್ಲ. ಒಳಗೆ ಉಳಿದ ಮೂತ್ರ ಗಟ್ಟಿಯಾದಷ್ಟೂ ಸೋಂಕು ಮತ್ತು ಕಲ್ಲಿನ ಭಯ ಹೆಚ್ಚು. ನೀರು ಕಡಿಮೆಯಾದರೆ ಮಲವೂ ಗಟ್ಟಿಯಾಗುತ್ತದೆ, ಪಾಯಖಾನೆಯಲ್ಲಿ ಕೂರುವ ಹೊತ್ತು ಹೆಚ್ಚುತ್ತದೆ, ಹಾಗೆ ಹೆಚ್ಚು ಹೊತ್ತು ಕುಳಿತಲ್ಲಿ ಚರ್ಮ ಒತ್ತಿ ಹುಣ್ಣಾಗುತ್ತದೆ. ಹೀಗಾಗಿ ಇದನ್ನು ಬರೀ ಬಚ್ಚಲಿನ ತೊಂದರೆ ಎಂದು ನೋಡಬೇಡಿ. ಇದು ಅವರ ಮೂತ್ರಪಿಂಡದ ಪ್ರಶ್ನೆ, ನಿಮ್ಮ ಸೊಂಟದ ಪ್ರಶ್ನೆ, ಬೆಳೆಯುವ ಮಗನ ಬೆನ್ನಿನ ಪ್ರಶ್ನೆ. ಅವರು ನಾಲ್ಕರಿಂದ ಆರು ಗಂಟೆಗೊಮ್ಮೆ ಕೊಳವೆ ಹಾಕಿ ಮೂತ್ರ ತೆಗೆಯುವ ಕ್ರಮವನ್ನು ಕಲಿತಿದ್ದಾರೆಯೇ? ನೀವು ಬರೆದಿಲ್ಲ. ಕಲಿತಿಲ್ಲವಾದರೆ ಮೊದಲು ಅವರನ್ನು ನೋಡುತ್ತಿರುವ ವೈದ್ಯರಲ್ಲಿ ಅದನ್ನೇ ಕೇಳಿ. ಕೈಯಲ್ಲಿ ಬಲವಿರುವವರು ಅದನ್ನು ಮಂಚದ ಮೇಲೆಯೇ ಸ್ವತಃ ಮಾಡಿಕೊಳ್ಳಬಹುದು. ದಿನಕ್ಕೆ ಎಷ್ಟು ನೀರು ಎಂಬುದನ್ನೂ ವೈದ್ಯರೇ ಹೇಳಲಿ.

ಈಗ ಬಚ್ಚಲಿಗೆ ಬರೋಣ. ಎಲ್ಲರೂ ಬಾಗಿಲಿನಿಂದ, ಗೋಡೆಯಿಂದ ಲೆಕ್ಕ ಶುರು ಮಾಡುತ್ತಾರೆ. ನಾನು ಎತ್ತುವುದರಿಂದ ಶುರು ಮಾಡುತ್ತೇನೆ. ಬೆಳಗಿನ ಒಂದು ಸುತ್ತಿನಲ್ಲಿ ನೀವು ಅವರನ್ನು ಎಷ್ಟು ಸಲ ಎತ್ತಿ ಇಳಿಸುತ್ತೀರಿ ಎಂದು ಬೆರಳು ಮಡಚಿ ಎಣಿಸಿ. ಮಂಚದಿಂದ ಗಾಲಿಕುರ್ಚಿಗೆ, ಗಾಲಿಕುರ್ಚಿಯಿಂದ ಪಾಯಖಾನೆಗೆ, ಅಲ್ಲಿಂದ ಸ್ನಾನದ ಸ್ಟೂಲಿಗೆ, ಸ್ಟೂಲಿನಿಂದ ಮತ್ತೆ ಗಾಲಿಕುರ್ಚಿಗೆ, ಅಲ್ಲಿಂದ ಮಂಚಕ್ಕೆ. ಐದು ಸಲ. ಅದರಲ್ಲಿ ಎರಡು ಸಲ ಮೈಯೂ ನೆಲವೂ ಒದ್ದೆ. ಬೀಳುವುದು, ಬೆನ್ನು ಉಳುಕುವುದು, ಚರ್ಮ ತರಚುವುದು ಎಲ್ಲ ಆಗುವುದು ಈ ಎತ್ತುವ ಗಳಿಗೆಗಳಲ್ಲಿ. ಹಾಗಾಗಿ ಐದನ್ನು ಎರಡಕ್ಕೆ ಇಳಿಸುವುದೇ ನಮ್ಮ ಗುರಿಯಾಗಬೇಕು, ಆ ಎರಡೂ ಒಣ ಕೋಣೆಯಲ್ಲಿ ಆಗಬೇಕು. ಇದಕ್ಕೆ ಗೋಡೆಯ ಒಂದು ಕಲ್ಲನ್ನೂ ಅಲುಗಾಡಿಸಬೇಕಾಗಿಲ್ಲ.

ಅದಕ್ಕಾಗಿ ನೀವು ಮೊದಲು ಕೊಳ್ಳಬೇಕಾದದ್ದು ಗಾಲಿಗಳಿರುವ ಕಮೋಡ್ ಕುರ್ಚಿ. ಕೂರುವ ಜಾಗದಲ್ಲಿ ರಂಧ್ರ, ಕೆಳಗೆ ಖಾಲಿ ಜಾಗ, ಮೈಮೇಲೆ ನೀರು ಸುರಿದರೂ ಕೆಡದ ಕುರ್ಚಿ. ಮಂಚದಿಂದ ಅದಕ್ಕೆ ಒಮ್ಮೆ ಸರಿದರೆ, ಅದೇ ಕುರ್ಚಿಯಲ್ಲಿ ಬಚ್ಚಲಿಗೆ ಹೋಗಿ, ಪಾಯಖಾನೆಯ ಬೇಸಿನ್ನಿನ ಮೇಲೆ ಹಿಮ್ಮುಖವಾಗಿ ನಿಲ್ಲಿಸಿ, ಶೌಚ ಮುಗಿಸಿ, ಅಲ್ಲಿಯೇ ಸ್ನಾನ ಮಾಡಿ, ಒರೆಸಿಕೊಂಡು, ಮಂಚಕ್ಕೆ ಮರಳಬಹುದು. ಇದರ ಅಗಲ ಇಪ್ಪತ್ತೊಂದು, ಇಪ್ಪತ್ತೆರಡು ಇಂಚಿನದೂ ಸಿಗುತ್ತದೆ. ಸಾಮಾನ್ಯ ಗಾಲಿಕುರ್ಚಿ ಇಪ್ಪತ್ನಾಲ್ಕರಿಂದ ಇಪ್ಪತ್ತಾರು ಇಂಚು ಇರುವುದು ಬದಿಯ ದೊಡ್ಡ ಚಕ್ರಗಳಿಂದಾಗಿ. ಬಚ್ಚಲಿಗೆ ಆ ಚಕ್ರ ಬೇಕಿಲ್ಲ. ನಿಮ್ಮ ಬಾಗಿಲು ಚಿಕ್ಕದೆಂದು ಇಷ್ಟು ದಿನ ಕೊರಗಿದ್ದೀರಿ, ಸರಿಯಾದ ಕುರ್ಚಿಗೆ ಆ ಬಾಗಿಲೇ ಸಾಕಾಗಬಹುದು.

ಕೊಳ್ಳುವಾಗ ನಾಲ್ಕು ಗಾಲಿಗಳಿಗೂ ಬ್ರೇಕ್ ಇರಬೇಕು, ಗಾಲಿಯ ಅಡ್ಡಳತೆ ಐದು ಇಂಚಿಗೆ ಕಡಿಮೆ ಇರಬಾರದು. ಚಿಕ್ಕ ಗಾಲಿ ಹೆಂಚುಚೂರಿಗೂ ತಡೆದು ನಿಲ್ಲುತ್ತದೆ, ಆಗ ಕುರ್ಚಿ ಮುಂದಕ್ಕೆ ಮುಗ್ಗರಿಸುತ್ತದೆ. ಕೈತೋಳು ಪಕ್ಕಕ್ಕೆ ಮಡಚುವಂತಿರಲಿ, ಇಲ್ಲದಿದ್ದರೆ ಮಂಚದಿಂದ ಪಕ್ಕಕ್ಕೆ ಸರಿಯಲಾಗದೆ ಮತ್ತೆ ಎತ್ತಬೇಕಾಗುತ್ತದೆ. ಕೂರುವ ಜಾಗಕ್ಕೆ ಮೆತ್ತನೆಯ, ನೀರು ಹೀರದ ಹೊದಿಕೆ ಕಡ್ಡಾಯ. ಅವರಿಗೆ ನೋವು ತಿಳಿಯುವುದಿಲ್ಲವಾದ್ದರಿಂದ ಗಟ್ಟಿ ಅಂಚು ಒತ್ತಿದರೂ ಹೇಳುವವರಿಲ್ಲ. ಇಪ್ಪತ್ತು ನಿಮಿಷ ಮೀರಿ ಕೂರಿಸಬೇಡಿ. ಮರಳಿದ ಮೇಲೆ ಪೃಷ್ಠ, ಬಾಲಮೂಳೆಯ ಜಾಗ, ಹಿಮ್ಮಡಿ ನೋಡಿ. ಕೆಂಪು ಗುರುತು ಅರ್ಧ ಗಂಟೆಯಲ್ಲಿ ಮಾಯವಾಗದಿದ್ದರೆ ಆ ಮೆತ್ತೆ ಬದಲಿಸಬೇಕು, ಗುರುತು ಹೋಗುವವರೆಗೆ ಅಲ್ಲಿ ಭಾರ ಬೀಳದಂತೆ ನೋಡಿಕೊಳ್ಳಬೇಕು.

ಪ್ಲಾಸ್ಟಿಕ್ ಕುರ್ಚಿಯ ನಡುವೆ ತೂತು ಕೊರೆದು ಕೊಡುವವರಿದ್ದಾರೆ. ದಯವಿಟ್ಟು ಬೇಡ. ಕೊರೆದ ಅಂಚು ಬ್ಲೇಡಿನಂತಿರುತ್ತದೆ, ಒದ್ದೆ ನೆಲದಲ್ಲಿ ಕಾಲುಗಳು ಅಗಲವಾಗಿ ಜಾರಿ ಕುರ್ಚಿ ಮುರಿಯುತ್ತದೆ. ಅಂಕೋಲೆಯ ಒಂದು ಮನೆಯಲ್ಲಿ ಇಂಥ ಕುರ್ಚಿಯಿಂದ ಆದ ಗಾಯ ಒಣಗಲು ಏಳು ತಿಂಗಳು ಹಿಡಿದದ್ದನ್ನು ನೋಡಿದ್ದೇನೆ. ಕುರ್ಚಿಯಲ್ಲಿ ಉಳಿಸಿದ ಹಣ ಔಷಧದ ಪಟ್ಟಿಗೆ ಹೋಯಿತು.

ನಮ್ಮ ಕರಾವಳಿಗೆ ಮಾತ್ರ ಸೇರಿದ ಇನ್ನೊಂದು ಮಾತು, ತುಕ್ಕು. ಪಾಲಿಶ್ ಹೊಳಪಿನ ಕಬ್ಬಿಣದ ಕುರ್ಚಿ ಶಿರಸಿಯಲ್ಲಿ ಬಾಳುವಷ್ಟು ದಿನ ಕೋಡಿಬಾಗದಲ್ಲಿ ಬಾಳುವುದಿಲ್ಲ. ಕಾಳಿ ನದಿ ಸಮುದ್ರ ಸೇರುವ ಕಡೆಯ ಉಪ್ಪುಗಾಳಿ ಮೊದಲು ಹಿಡಿಯುವುದು ಗಾಲಿಯ ಬೇರಿಂಗನ್ನು, ಬ್ರೇಕಿನ ಸ್ಪ್ರಿಂಗನ್ನು. ಹೊರಗೆ ಕುರ್ಚಿ ಹೊಸದಾಗಿಯೇ ಕಾಣುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಅಲ್ಯೂಮಿನಿಯಂ ಚೌಕಟ್ಟು ಒಳ್ಳೆಯದು. ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸಾಮಾನ್ಯವಾದ 304 ದರ್ಜೆಗೂ ಇಲ್ಲಿ ಕಂದು ಚುಕ್ಕೆಗಳು ಬರುತ್ತವೆ. ಮಾಲಿಬ್ಡಿನಮ್ ಬೆರೆತ 316 ತಡೆದುಕೊಳ್ಳುತ್ತದೆ, ಬೆಲೆ ಹೆಚ್ಚು. ಯಾವುದೇ ಆಗಲಿ, ದಿನಾ ಸಿಹಿನೀರಿನಲ್ಲಿ ತೊಳೆದು ಒರೆಸಿ. ತಿಂಗಳಿಗೊಮ್ಮೆ ಬ್ರೇಕ್ ಹಾಕಿ, ಖಾಲಿ ಕುರ್ಚಿಯನ್ನು ಬಲವಾಗಿ ದೂಡಿ ನೋಡಿ.

ಕುರ್ಚಿ ಬಂದ ಮೇಲೆ ದಾರಿಯ ಕೆಲಸ. ನೀವು ಬರೆಯದಿದ್ದರೂ ಅಡುಗೆಮನೆಯ ಹಿಂಬಾಗಿಲಿಗೆ ಹೊಸ್ತಿಲು ಇದ್ದೇ ಇರುತ್ತದೆ ಎಂದು ತಿಳಿಯುತ್ತೇನೆ. ಅದು ಮೂರು ಇಂಚು ಎತ್ತರವಿದ್ದರೆ ಎರಡೂ ಬದಿಗೆ ಮೂರು ಮೂರು ಅಡಿ ಉದ್ದದ ಇಳಿಜಾರು ಹಲಗೆ ಬೇಕು. ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ ಎಂಬುದು ಲೆಕ್ಕ. ಹೊಸ್ತಿಲನ್ನು ಕೊರೆಯುವ ಮಾತನ್ನು ಮಾಲಕರ ಎದುರು ಎತ್ತಲೇಬೇಡಿ. ಅರಿಸಿನ ಕುಂಕುಮ ಇಡುವ ಜಾಗ ಅದು. ಹಲಗೆಗಳನ್ನು ಮೊಳೆ ಇಲ್ಲದೆ ಹೊಸ್ತಿಲಿಗೆ ತಾಗಿಸಿ ಕೂರಿಸುವಂತೆ ಬಡಗಿಯಿಂದ ಮಾಡಿಸಿ. ಹಬ್ಬದ ದಿನ ಎತ್ತಿಟ್ಟು ರಂಗೋಲಿ ಹಾಕಿ ಮತ್ತೆ ಇಡಬಹುದು. ಅಡಿಕೆ ದಬ್ಬೆಯಿಂದ ಮಾಡಿಸೋಣ ಎಂದು ನಿಮ್ಮ ಊರಿನವರು ಹೇಳಿಯಾರು. ತೋಟದಲ್ಲಿ ಅದು ಹಳ್ಳ ದಾಟುವ ಸಂಕಕ್ಕೆ ಆಗುತ್ತದೆ ನಿಜ, ಆದರೆ ಆಷಾಢದಲ್ಲಿ ಅದರ ಮೇಲೆ ಕಾಲಿಟ್ಟು ಜಾರಿದವರಿಗೆ ಅದರ ಗುಣ ಗೊತ್ತು.

ಬಚ್ಚಲಿನ ಎಂಟು ಇಂಚಿನ ತಗ್ಗನ್ನು ನೀವು ದೊಡ್ಡ ಅಡ್ಡಿ ಎಂದು ಬರೆದಿದ್ದೀರಿ. ನನಗೆ ಅದೇ ಅನುಕೂಲವಾಗಿ ಕಾಣುತ್ತದೆ. ಅಲ್ಲಿಗೆ ಇಳಿಜಾರು ಹಾಕಬೇಕೆಂದರೆ ಎಂಟು ಅಡಿ ಉದ್ದ ಬೇಕು, ಒಳಗೆ ಅಷ್ಟು ಜಾಗ ಎಲ್ಲಿದೆ? ಕೆಳಕ್ಕೆ ಇಳಿಯುವ ಬದಲು ನೆಲವನ್ನೇ ಮೇಲಕ್ಕೆ ತನ್ನಿ. ಈಗಿರುವ ನೆಲದ ಮೇಲೆ ಕಳಚಬಹುದಾದ ಅಟ್ಟಣೆ ಹಾಕಿ, ಅದರ ಮೇಲ್ಮೈ ಜಗಲಿಯ ಮಟ್ಟಕ್ಕೆ ಬರಲಿ. ನೀರು ಅಟ್ಟಣೆಯ ಸಂದುಗಳಿಂದ ಕೆಳಗೆ ಬಿದ್ದು ಹಳೆಯ ನೆಲದ ಮೇಲೆಯೇ ಹರಿದು ಹಳೆಯ ಕಿಂಡಿಯಿಂದಲೇ ಹೋಗುತ್ತದೆ. ಹಳೆಯ ಮನೆಗಳಲ್ಲಿ ಕುಕ್ಕರುಗಾಲಲ್ಲಿ ಕೂರುವ ಬೇಸಿನ್ನನ್ನು ಸಾಮಾನ್ಯವಾಗಿ ನೆಲದಿಂದ ಆರೇಳು ಇಂಚು ಎತ್ತರದ ಕಟ್ಟೆಯ ಮೇಲೆ ಕೂರಿಸಿರುತ್ತಾರೆ. ನಿಮ್ಮಲ್ಲಿಯೂ ಹಾಗಿದ್ದರೆ ಅಟ್ಟಣೆ ಮತ್ತು ಕಟ್ಟೆ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬಂದು, ಕುರ್ಚಿ ನೇರವಾಗಿ ಬೇಸಿನ್ನಿನ ಮೇಲೆ ಹೋಗಿ ನಿಲ್ಲುತ್ತದೆ. ಕುರ್ಚಿಯ ರಂಧ್ರದಿಂದ ಬೇಸಿನ್ನಿಗೆ ಒಂದೂವರೆ ಅಡಿ ಅಂತರ ಉಳಿಯುವುದರಿಂದ ಸಿಡಿಯದಂತೆ ಕೆಳಗೆ ಕೊಳವೆಯಾಕಾರದ ತಡೆ ಬೇಕಾಗುತ್ತದೆ. ಅಗಲ ಬಾಯಿಯ ಪ್ಲಾಸ್ಟಿಕ್ ಬಕೆಟ್ಟಿನ ತಳ ಕತ್ತರಿಸಿ, ಅಂಚು ಉಜ್ಜಿ ನುಣುಪು ಮಾಡಿ ಕಟ್ಟಿದರೂ ಆದೀತು.

ಅಟ್ಟಣೆ ಮಾಡುವವರು ಯಾರು? ಇಲ್ಲಿ ಕಾರವಾರದಲ್ಲಿರುವುದು ನಿಮ್ಮ ಪುಣ್ಯ. ಬೈತಖೋಲ ಬಂದರಿನ ಸುತ್ತ ಫೈಬರ್ ದೋಣಿ ರಿಪೇರಿ ಮಾಡುವವರನ್ನು ವಿಚಾರಿಸಿ. ಹದಿನೆಂಟು ಮಿಲಿಮೀಟರಿನ ನೀರು ತಡೆಯುವ ಪ್ಲೈವುಡ್ಡಿಗೆ ಎರಡೂ ಕಡೆ, ಅಂಚಿಗೂ ಸೇರಿಸಿ, ಫೈಬರ್ ಹೊದಿಸುವುದು ಅವರಿಗೆ ಗೊತ್ತಿರುವ ಕೆಲಸ. ಮೇಲಿನ ಕೊನೆಯ ರಾಳ ಒಣಗುವ ಮೊದಲು ಅದರ ಮೇಲೆ ತೊಳೆದು ಒಣಗಿಸಿದ ಮರಳು ಉದುರಿಸಲು ಹೇಳಿ. ದೋಣಿಯಲ್ಲಿ ಕಾಲು ಜಾರದಂತೆ ಮಾಡುವ ಉಪಾಯವೇ ಬಚ್ಚಲಿಗೂ ಆಗುತ್ತದೆ, ಉಪ್ಪುಗಾಳಿಗೂ ಬಗ್ಗುವುದಿಲ್ಲ. ಇಡೀ ಅಟ್ಟಣೆಯನ್ನು ಒಂದೇ ತುಂಡಾಗಿ ಮಾಡಿಸಬೇಡಿ. ಮೂರು ತುಂಡಿರಲಿ, ಒಬ್ಬರೇ ಎತ್ತುವಷ್ಟು ಹಗುರವಿರಲಿ, ತುಂಡುಗಳ ನಡುವೆ ಬೆರಳಿನಗಲದ ಸಂದಿರಲಿ. ಕೆಳಗೆ ಚಿರೆಕಲ್ಲಿನ ತುಂಡುಗಳನ್ನು ಸಿಮೆಂಟ್ ಹಾಕದೆ ಒಂದೂವರೆ ಅಡಿಗೊಂದರಂತೆ ಇಟ್ಟು ಮೇಲೆ ಅಟ್ಟಣೆ ಕೂರಿಸಿ. ನಡುವೆ ರಬ್ಬರ್ ತುಂಡು ಕೊಟ್ಟರೆ ಅಲುಗಾಡುವುದಿಲ್ಲ. ಅವರು, ಕುರ್ಚಿ, ಪಕ್ಕದಲ್ಲಿ ನಿಂತ ನೀವು ಎಲ್ಲ ಸೇರಿದರೆ ಸುಮಾರು ನೂರೈವತ್ತು ಕಿಲೋ ಆಗಬಹುದು. ಮುನ್ನೂರು ಕಿಲೋ ತಾಳುವಂತೆ ಮಾಡಿಸಿ. ಅಟ್ಟಣೆಯ ಮೇಲ್ಮೈ ಜಗಲಿಗಿಂತ ಕಾಲು ಇಂಚು ತಗ್ಗಿರಲಿ, ಇಲ್ಲದಿದ್ದರೆ ಸ್ನಾನದ ನೀರು ಅಡುಗೆಮನೆಯ ಕಡೆಗೆ ಹರಿದು ಬರುತ್ತದೆ.

ಇದರ ತೊಂದರೆಯನ್ನೂ ಹೇಳಬೇಕು. ಅಟ್ಟಣೆಯ ಕೆಳಗೆ ಸೋಪು, ಕೂದಲು ಸೇರಿ ವಾಸನೆ ಬರುತ್ತದೆ, ನೀರು ನಿಂತರೆ ಸೊಳ್ಳೆ. ವಾರಕ್ಕೊಮ್ಮೆ ಮೂರೂ ತುಂಡು ಎತ್ತಿ ಉಜ್ಜಿ ತೊಳೆಯಲೇಬೇಕು. ಇದು ನಿಮ್ಮಿಂದ ಆಗದು ಎನಿಸಿದರೆ ಮೊದಲೇ ಯೋಚಿಸಿ. ಬೇಸಿನ್ನಿನ ಕಟ್ಟೆ ನಾನು ಅಂದುಕೊಂಡಂತೆ ಇಲ್ಲದೆ ನೆಲದ ಮಟ್ಟದಲ್ಲಿಯೇ ಇದ್ದರೆ, ಬೇಸಿನ್ನನ್ನು ಮರೆತು ಕುರ್ಚಿಯ ಕೆಳಗಿನ ಪಾತ್ರೆಯಲ್ಲಿ ಶೌಚ ಮಾಡಿಸಿ ಸುರಿಯುವುದೇ ಸುಲಭ.

ಬಾಗಿಲಿನ ರೆಕ್ಕೆಯನ್ನು ಕಳಚಿಡಿ. ರೆಕ್ಕೆ ತೆರೆದಾಗಲೂ ಅದರ ದಪ್ಪ ದಾರಿಯಲ್ಲಿ ಒಂದೂವರೆ ಇಂಚು ತಿನ್ನುತ್ತದೆ, ಅಟ್ಟಣೆ ಬಂದ ಮೇಲೆ ಅದು ಒಳಕ್ಕೆ ತೆರೆಯುವುದೂ ಇಲ್ಲ. ತಿರುಪುಗಳನ್ನು ಒಂದು ಚೀಲದಲ್ಲಿ ಹಾಕಿ ಆ ರೆಕ್ಕೆಗೇ ಕಟ್ಟಿ ಅಟ್ಟದ ಮೇಲಿಡಿ. ಬಾಗಿಲಿಗೆ ದಪ್ಪ ಪರದೆ, ನೆಲದವರೆಗೆ. ಮಗ ಬೆಳೆಯುತ್ತಿದ್ದಾನೆ, ಮನೆಗೆ ಜನ ಬರುತ್ತಾರೆ. ಮರೆ ಇಲ್ಲದ ಬಚ್ಚಲಿಗೆ ಯಾರಿಗೂ ಹೋಗುವ ಮನಸ್ಸಾಗುವುದಿಲ್ಲ.

ಗಾಳಿ ಹಿಡಿಯುವ ಹಿಡಿಕೆಗಳ ಬಗ್ಗೆ ಕೇಳಿದ್ದೀರಿ. ಅದು ಹಿಡಿಯುವುದು ನುಣುಪಾದ, ಸಂದಿಲ್ಲದ, ರಂಧ್ರವಿಲ್ಲದ ಮೇಲ್ಮೈಯನ್ನು ಮಾತ್ರ. ಗಾರೆ ಬಳಿದ ಚಿರೆಕಲ್ಲಿನ ಗೋಡೆಗೆ ಅಂಟಿದಂತೆ ಕಂಡರೂ ಒಳಗೆ ಗಾಳಿ ನುಸುಳುತ್ತಲೇ ಇರುತ್ತದೆ. ದೊಡ್ಡ ಟೈಲ್ಸ್ ಮೇಲೆಯೂ ಅದನ್ನು ಸಮತೋಲಕ್ಕಾಗಿ ಮುಟ್ಟಬಹುದೇ ಹೊರತು ಮೈಭಾರ ಹಾಕುವಂತಿಲ್ಲ. ನಿಮ್ಮವರು ತೋಳಿನ ಬಲದಲ್ಲಿ ಇಡೀ ಮೈಯನ್ನು ಎತ್ತುವವರು. ಅವರ ಕೈಗೆ ಇದು ಬಿದ್ದರೆ ಬೀಳುವುದು ಖಚಿತ. ನೆಲದಿಂದ ಚಾವಣಿಯವರೆಗೆ ಒತ್ತಿ ನಿಲ್ಲಿಸುವ ಕಂಬವೂ ಮಾರುಕಟ್ಟೆಯಲ್ಲಿದೆ. ಸಿಮೆಂಟ್ ಚಾವಣಿಯ ಮನೆಗೆ ಅದು ಬಹಳ ಚೆನ್ನ. ಹೆಂಚಿನ ಮಾಡಿಗೆ ಒತ್ತಿದರೆ ಪಕಾಸಿ ಎದ್ದು ಹೆಂಚು ಸರಿಯುತ್ತದೆ, ಸೋರಿಕೆ ಶುರುವಾಗುತ್ತದೆ. ಇನ್ನು ಗೋಡೆಗೆ ತಿರುಪು ಹೊಡೆದು ಕೂರಿಸುವ ಹಿಡಿಕೆ. ಮಾಲಕರು ಒಪ್ಪಿದರೂ ನಾನು ಒಪ್ಪುತ್ತಿರಲಿಲ್ಲ. ಚಿರೆಕಲ್ಲು ಮೆದು, ರಂಧ್ರಗಳು ಹೆಚ್ಚು. ಸಾಮಾನ್ಯ ಪ್ಲಾಸ್ಟಿಕ್ ಬೆಣೆ ಅದರಲ್ಲಿ ಎಳೆತಕ್ಕೆ ಕಿತ್ತು ಬರುತ್ತದೆ. ಗೋಡೆಯ ಆಚೆಯವರೆಗೆ ಬೋಲ್ಟ್ ತೂರಿಸಿ ತಗಡಿನ ಪಟ್ಟಿ ಕೊಟ್ಟರೆ ಮಾತ್ರ ನಿಂತೀತು. ಅದು ಬಾಡಿಗೆ ಮನೆಯ ಕೆಲಸವಲ್ಲ. ಕಮೋಡ್ ಕುರ್ಚಿಯ ಎರಡು ತೋಳುಗಳೇ ನಿಮ್ಮವರಿಗೆ ಹಿಡಿಕೆ. ಬ್ರೇಕ್ ಸರಿಯಿದ್ದರೆ ಬೇರೆ ಬೇಕಿಲ್ಲ.

ಮಂಚದಿಂದ ಕುರ್ಚಿಗೆ ಸರಿಯಲು ಜಾರುಹಲಗೆ ಬಳಸಿ. ಎರಡೂವರೆ ಅಡಿ ಉದ್ದ, ಎಂಟೊಂಬತ್ತು ಇಂಚು ಅಗಲ, ಅಂಚು ದುಂಡಗೆ ಉಜ್ಜಿ ಪಾಲಿಶ್ ಮಾಡಿದ ಹಲಗೆ. ಒಂದು ತುದಿ ತೊಡೆಯ ಕೆಳಗೆ, ಇನ್ನೊಂದು ಕುರ್ಚಿಯ ಮೇಲೆ. ಮಂಚವೂ ಕುರ್ಚಿಯೂ ಒಂದೇ ಎತ್ತರಕ್ಕೆ ಬರುವಂತೆ ಮಂಚದ ಕಾಲಿನ ಕೆಳಗೆ ಮರದ ದಿಮ್ಮಿ ಕೊಡಿ. ಅವರು ಪಂಚೆಯನ್ನೋ ಚಡ್ಡಿಯನ್ನೋ ಹಾಕಿಕೊಂಡೇ ಸರಿಯಲಿ, ಬರಿ ಮೈ ಹಲಗೆಗೆ ಅಂಟಿ ಚರ್ಮ ಎಳೆಯುತ್ತದೆ. ಅಡಿಕೆ ಮರದಿಂದ ಮರಕ್ಕೆ ದಾಟುತ್ತಿದ್ದ ತೋಳುಗಳು ಅವು. ಎರಡು ವಾರ ಅಭ್ಯಾಸ ಮಾಡಿದರೆ ನೀವು ಕುರ್ಚಿ ಹಿಡಿದು ನಿಂತರೆ ಸಾಕು, ಎತ್ತಬೇಕಾಗುವುದಿಲ್ಲ. ಇಂಥವರನ್ನು ಹಲವರನ್ನು ಕಂಡಿರುವುದರಿಂದಲೇ ಧೈರ್ಯವಾಗಿ ಹೇಳುತ್ತಿದ್ದೇನೆ.

ಬಿಸಿನೀರಿನ ಮಾತನ್ನು ಬಿಡುವಂತಿಲ್ಲ. ನಮ್ಮಲ್ಲಿ ಹಂಡೆಯ ನೀರು ಕುದಿಯುವ ಹತ್ತಿರವೇ ಇರುತ್ತದೆ. 60 ಡಿಗ್ರಿ ಸೆಲ್ಸಿಯಸ್ ಬಿಸಿಯ ನೀರು ಐದಾರು ಸೆಕೆಂಡಿನಲ್ಲಿ ಚರ್ಮವನ್ನು ಆಳವಾಗಿ ಸುಡಬಲ್ಲದು. ಅವರಿಗೆ ಅದು ತಿಳಿಯುವುದೇ ಇಲ್ಲ. ಕುಮಟೆಯ ಒಬ್ಬ ಹುಡುಗನ ಎರಡೂ ಪಾದಗಳಲ್ಲಿ ಗುಳ್ಳೆ ಎದ್ದದ್ದನ್ನು ಅವನ ತಾಯಿ ಕಂಡದ್ದು ಸ್ನಾನವಾಗಿ ಒಂದು ಗಂಟೆಯ ಮೇಲೆ, ಕಾಲುಚೀಲ ಹಾಕುವಾಗ. ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ನಿಮ್ಮ ಮೊಣಕೈ ಅದ್ದಿ ಹತ್ತರವರೆಗೆ ಎಣಿಸುವಷ್ಟು ಹೊತ್ತು ಇಡಿ, ಹಿತವೆನಿಸಿದರೆ ಮಾತ್ರ ಅವರ ಹೊಟ್ಟೆಯ ಮೇಲಿನ ಭಾಗಕ್ಕೆ, ಸ್ಪರ್ಶ ತಿಳಿಯುವ ಕಡೆ, ಮೊದಲ ಚೊಂಬು. ಕಾಲಿಗೆ ಕೊನೆಗೆ. ಗೀಸರ್ ಇಟ್ಟು ಹ್ಯಾಂಡ್ ಶವರ್ ಬಳಸುವುದಾದರೆ 30 ಮಿಲಿಆಂಪಿಯರಿಗೆ ಕಡಿತವಾಗುವ ಸುರಕ್ಷಾ ಸ್ವಿಚ್ ಇದೆಯೇ ಎಂದು ಎಲೆಕ್ಟ್ರಿಷಿಯನ್ನರಿಂದ ನೋಡಿಸಿ. ಹಳೆಯ ಮನೆಗಳಲ್ಲಿ ಬಹುತೇಕ ಇರುವುದಿಲ್ಲ.

ಪಾಚಿಗೆ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಚೆನ್ನಾಗಿ ತೊಳೆದುಬಿಡಿ. ತಲೆಗೆ ಎಣ್ಣೆ ಹಚ್ಚಿದ ದಿನ, ಮತ್ತಿ ಸೊಪ್ಪಿನ ಲೋಳೆ ಹಾಕಿದ ದಿನ, ಅವರು ಕುರ್ಚಿಯಿಂದ ಮಂಚಕ್ಕೆ ಸರಿಯುವ ಮೊದಲು ಕುರ್ಚಿಯ ತೋಳನ್ನೂ ಅವರ ಅಂಗೈಯನ್ನೂ ಒಣ ಬಟ್ಟೆಯಲ್ಲಿ ಒರೆಸಿ.

ನಿಮ್ಮ ಭಾವ ಹೇಳಿದ ಕಾನೂನಿನ ವಿಷಯ. 2016ರ ವಿಕಲಚೇತನ ವ್ಯಕ್ತಿಗಳ ಹಕ್ಕುಗಳ ಅಧಿನಿಯಮ ದೊಡ್ಡ ಆಸರೆ, ಅನುಮಾನವಿಲ್ಲ. ಸಾರ್ವಜನಿಕ ಕಟ್ಟಡ, ಸಾರಿಗೆ, ಕಚೇರಿಗಳಲ್ಲಿ ಪ್ರವೇಶಾವಕಾಶ ಇರಲೇಬೇಕೆಂದು ಅದು ಹೇಳುತ್ತದೆ. ಅದಕ್ಕೆ ಕಡ್ಡಾಯ ನಿಯಮಗಳನ್ನು ಮಾಡಬೇಕೆಂದು ಸುಪ್ರೀಂ ಕೋರ್ಟ್ 2024ರ ನವೆಂಬರಿನಲ್ಲಿ ಕೇಂದ್ರಕ್ಕೆ ಆದೇಶಿಸಿದೆ. ಆದರೆ ತನ್ನ ಒಂದು ಮನೆಯನ್ನು ಬಾಡಿಗೆಗೆ ಕೊಟ್ಟ ಅಜ್ಜಿಯೊಬ್ಬರು ಸ್ವಂತ ಖರ್ಚಿನಲ್ಲಿ ಬಚ್ಚಲು ಕಟ್ಟಿಸಿಕೊಡಬೇಕೆಂದು ಅದರಲ್ಲಿ ನೇರವಾಗಿ ಹೇಳಿಲ್ಲ. ಆ ಮಾತು ಹಿಡಿದು ಅವರ ಬಳಿ ಹೋದರೆ ಕರಾರು ಮುಗಿದ ದಿನ ಮನೆ ಖಾಲಿ ಮಾಡಿಸುವ ದಾರಿ ತೋರಿಸಿದಂತೆ.

ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಹಳೆಯ ಕಾನೂನು, 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 108ನೆಯ ಕಲಂ. ಬೇರೆ ಕರಾರು ಇಲ್ಲದಿದ್ದಾಗ, ಬಾಡಿಗೆದಾರ ಮಾಲಕರ ಒಪ್ಪಿಗೆ ಇಲ್ಲದೆ ಶಾಶ್ವತ ಕಟ್ಟಡ ಕಟ್ಟುವಂತಿಲ್ಲ ಎಂದು ಅದು ಹೇಳುತ್ತದೆ. ತಾನು ಅಳವಡಿಸಿದ್ದನ್ನು ಮನೆ ತನ್ನ ಸ್ವಾಧೀನದಲ್ಲಿರುವಾಗ ಕಳಚಿ ಒಯ್ಯಬಹುದು, ಆದರೆ ಮನೆಯನ್ನು ಪಡೆದ ಸ್ಥಿತಿಯಲ್ಲಿಯೇ ಬಿಟ್ಟುಕೊಡಬೇಕು ಎಂದೂ ಹೇಳುತ್ತದೆ. ನಾನು ಮೇಲೆ ಹೇಳಿದ ಯಾವುದೂ ಶಾಶ್ವತವಲ್ಲ, ಎಲ್ಲವೂ ಕಳಚುವಂಥದ್ದು. ಆದರೂ ಹೇಳದೆ ಮಾಡಬೇಡಿ. ನಾನು ಕಂಡಂತೆ ಮಾಲಕರಿಗೆ ಮೂರು ಭಯಗಳಿರುತ್ತವೆ: ಗೋಡೆ ಹಾಳಾದೀತು, ತೇವ ಹಿಡಿದೀತು, ಏನಾದರೂ ಕಟ್ಟಲು ಬಿಟ್ಟರೆ ಇವರು ಮನೆ ಬಿಡಲಿಕ್ಕಿಲ್ಲ. ಮೂರಕ್ಕೂ ಉತ್ತರ ಕಾಗದದಲ್ಲಿರಲಿ. ಏನೇನು ಇಡುತ್ತೇವೆ, ಮೊಳೆ ಇಲ್ಲ, ಸಿಮೆಂಟ್ ಇಲ್ಲ, ಬಾಗಿಲಿನ ರೆಕ್ಕೆ ಅಟ್ಟದ ಮೇಲಿದೆ, ಬಿಡುವಾಗ ಎಲ್ಲ ತೆಗೆದು ಬಾಗಿಲು ಕೂರಿಸಿ ಕೊಡುತ್ತೇವೆ ಎಂದು ಒಂದು ಪುಟ ಬರೆದು, ಈಗಿನ ಬಚ್ಚಲಿನ ಫೋಟೋ ಸೇರಿಸಿ, ಎರಡು ಪ್ರತಿಗೆ ಇಬ್ಬರೂ ಸಹಿ ಹಾಕಿ. ಕರಾರು ನವೀಕರಿಸುವಾಗ ಅದನ್ನೇ ಜೊತೆಗೆ ಲಗತ್ತಿಸಿ. ಸಾಧ್ಯವಾದರೆ ಆ ಅಮ್ಮನನ್ನು ಒಂದು ಬೆಳಿಗ್ಗೆ ಮನೆಗೆ ಕರೆಯಿರಿ. ನೀವು ಎತ್ತುವುದನ್ನು ಅವರು ಒಮ್ಮೆ ನೋಡಲಿ. ಆದರೆ ನಿಮ್ಮ ಮನೆಯವರ ಒಪ್ಪಿಗೆ ಕೇಳಿಯೇ ಕರೆಯಿರಿ.

ಮಲಗುವ ಕೋಣೆಯಲ್ಲಿಯೇ ಎಲ್ಲ ಮುಗಿಸಬಹುದೇ ಎಂದರೆ, ಕೆಲವು ದಿನಗಳಿಗೆ ಹೌದು. ಜ್ವರ ಬಂದಾಗ, ಗಾಳಿಮಳೆಗೆ ಹಿಂದಿನ ಜಗಲಿಯೆಲ್ಲ ಎರಚಲು ಹೊಡೆಯುವಾಗ, ಕಮೋಡ್ ಕುರ್ಚಿಯ ಕೆಳಗಿನ ಪಾತ್ರೆಯಲ್ಲಿ ಶೌಚ, ಮಂಚದ ಮೇಲೆ ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದು ತಪ್ಪೇನಲ್ಲ. ದಿನವೂ ಅದೇ ಆದರೆ, ಕರಾವಳಿಯ ಮಳೆಗಾಲದಲ್ಲಿ ಹಾಸಿಗೆ ಒಣಗುವುದಿಲ್ಲ, ತೊಡೆಸಂದಿಯಲ್ಲಿ ಬೂಷ್ಟು ಸೋಂಕು ಬಿಡುವುದಿಲ್ಲ, ಊಟವೂ ಅಲ್ಲಿಯೇ ಶೌಚವೂ ಅಲ್ಲಿಯೇ ಎಂಬುದು ಮನುಷ್ಯನನ್ನು ಒಳಗಿನಿಂದ ಕುಗ್ಗಿಸುತ್ತದೆ. ಹಿತ್ತಿಲಲ್ಲಿ ತಗಡಿನ ಹೊಸ ಪಾಯಖಾನೆ ಕಟ್ಟಿ ಗುಂಡಿ ತೋಡುವ ಸಲಹೆಯೂ ಬರಬಹುದು. ಚಿರೆಮಣ್ಣಿನಲ್ಲಿ ನೀರು ಬೇಗ ಇಳಿಯುತ್ತದೆ, ನಿಮ್ಮ ಮತ್ತು ನೆರೆಯವರ ಬಾವಿ ಹತ್ತಿರದಲ್ಲಿಯೇ ಇರುತ್ತದೆ. ಅದು ಬೇಡ. ಹಿಂದಿನ ಜಗಲಿಗೆ ಎರಚಲು ತಡೆಯಲು ತಾಡಪಾಲನ್ನು ಕಂಬದಿಂದ ಕಂಬಕ್ಕೆ ಹಗ್ಗದಲ್ಲಿ ಕಟ್ಟಿಕೊಂಡರೆ ಸಾಕು.

ಖರ್ಚಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ವಿಕಲಚೇತನರಿಗೆ ಸರ್ಕಾರ ಕೊಡುವ ಯುಡಿಐಡಿ ಗುರುತಿನ ಚೀಟಿ ಅವರಿಗೆ ಆಗಿದೆಯೇ? ಆಗಿದ್ದರೆ ಅದನ್ನು ಹಿಡಿದು ನಗರಸಭೆಗೆ ಹೋಗಿ ನಗರ ಪುನರ್ವಸತಿ ಕಾರ್ಯಕರ್ತರನ್ನು ಕಾಣಿ. ಸ್ಥಳೀಯ ಸಂಸ್ಥೆಗಳ ಅನುದಾನದಲ್ಲಿ ಶೇಕಡಾ 5ರಷ್ಟನ್ನು ವಿಕಲಚೇತನರಿಗಾಗಿ ತೆಗೆದಿಡುತ್ತಾರೆ, ಸಾಧನ ಸಲಕರಣೆ ಅದರಲ್ಲಿ ಬರುತ್ತದೆ. ವಿಕಲಚೇತನರಿಗೆ ಸಾಧನ ಸಲಕರಣೆ ಕೊಡುವ ಕೇಂದ್ರದ ಅಡಿಪ್ ಯೋಜನೆಯ ಶಿಬಿರ ಯಾವಾಗ ಎಂದು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. ಅರ್ಜಿ ಹಾಕಿ ಕಾಯುತ್ತ ಕೂರಬೇಡಿ ಮಾತ್ರ. ಕೈಯಲ್ಲಿ ಇರುವ ಹಣ ಒಂದಕ್ಕೇ ಸಾಲುವುದಾದರೆ ಕುರ್ಚಿ ಕೊಳ್ಳಿ. ಅಟ್ಟಣೆ ಬರುವವರೆಗೆ ಹಿಂದಿನ ಜಗಲಿಯ ಒಂದು ಮೂಲೆಗೆ ಮರೆ ಕಟ್ಟಿ, ನೀರು ಹೊರಗೆ ಹರಿಯುವ ಕಡೆ ಕುರ್ಚಿ ನಿಲ್ಲಿಸಿ ಸ್ನಾನ ಮಾಡಿಸಬಹುದು. ಎಂಟು ಇಂಚು ಇಳಿಸುವ ಪಾಡು ಅವತ್ತಿಗೇ ತಪ್ಪುತ್ತದೆ.

ಅಟ್ಟಣೆ ಕೂರಿಸಿದ ದಿನ ಅವರನ್ನು ನೇರವಾಗಿ ಕರೆದೊಯ್ಯಬೇಡಿ. ಮೊದಲು ಕುರ್ಚಿಯ ಮೇಲೆ ಐವತ್ತು ಕಿಲೋ ಅಕ್ಕಿಯ ಚೀಲ ಇಟ್ಟು, ಮೇಲಿಂದ ನೀರು ಸುರಿದು, ಹೊಸ್ತಿಲಿನಿಂದ ಬೇಸಿನ್ನಿನವರೆಗೆ ನಾಲ್ಕು ಸಲ ತಳ್ಳಿ ತನ್ನಿ. ಚೀಲಕ್ಕೆ ಪ್ಲಾಸ್ಟಿಕ್ ಸುತ್ತಿಕೊಳ್ಳಿ. ಎಲ್ಲಿ ಗಾಲಿ ತಡೆಯುತ್ತದೆ, ಎಲ್ಲಿ ಅಟ್ಟಣೆ ಸದ್ದು ಮಾಡುತ್ತದೆ ಎಂದು ನೋಡಿ ಸರಿಪಡಿಸಿ. ಆಮೇಲೆ ನೀವು ಕುಳಿತು ಮಗನಿಂದ ತಳ್ಳಿಸಿಕೊಳ್ಳಿ. ಹಿಮ್ಮುಖವಾಗಿ ಹೋಗುವಾಗ ಹೇಗೆ ಅನಿಸುತ್ತದೆ ಎಂದು ನಿಮಗೂ ತಿಳಿಯಬೇಕು. ಮೂರನೆಯವರಾಗಿ ಅವರು. ಎಲ್ಲಿ ನಿಲ್ಲಿಸಬೇಕು, ಚೊಂಬು ಯಾವ ಕಡೆ ಇರಬೇಕು, ಪರದೆ ಯಾವಾಗ ಎಳೆಯಬೇಕು ಎಂಬುದನ್ನು ಅವರೇ ಹೇಳಲಿ. ಅದು ಸರಿಹೋದ ಸಂಜೆಯಿಂದಲೇ, ವೈದ್ಯರು ಹೇಳಿದಷ್ಟು ನೀರು ತುಂಬಿದ ತಂಬಿಗೆಯನ್ನು ಅವರ ಕೈಗೆ ಎಟಕುವಂತೆ ಮಂಚದ ಪಕ್ಕದಲ್ಲಿಡಿ.